ಹದಿನೇಳನೆಯ ತುಣುಕಿನ ಟ್ರಂಪೆಟ್ಟು

ಭಾನುವಾರ ಬೆಳಗ್ಗೆ ಹತ್ತೂವರೆಗೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಹನ್ನೊಂದು ಜನ ಕಣ್ಣು ಮುಚ್ಚಿಕೊಂಡು ಕೂತಿರುತ್ತಾರೆ. ಯಾರಿಗೂ ಹಲ್ಲುನೋವಿಲ್ಲ. ನಲವತ್ತೆರಡು ವರ್ಷದ ಹಿಂದೆ ಟೀವಿಯಲ್ಲಿ ಬರುತ್ತಿದ್ದ ಆಕಾಶನೌಕೆಯ ಧಾರಾವಾಹಿಯೊಂದರ ಹಿನ್ನೆಲೆ ಸಂಗೀತ ಕೇಳಲಿಕ್ಕೆ ಬಂದವರು ಇವರು. ಚಿತ್ರ ಬೇಡ, ಮಾತು ಬೇಡ, ಬರೀ ವಾದ್ಯಗಳು. ಈ ಹುಚ್ಚಿಗೆ ಬಳಗ ಅಂತ ಹೆಸರಿಟ್ಟು ರಬ್ಬರ್ ಸ್ಟಾಂಪು ಬೇರೆ ಮಾಡಿಸಿದ್ದಾರೆ.

ಆ ಬಳಗಕ್ಕೆ ನಾನೇ ದೇವರು. ಹೊಗಳಿಕೊಳ್ಳುತ್ತಿಲ್ಲ. ಧಾರಾವಾಹಿಯ ಸಂಗೀತಕಾರ ಸತ್ತಿದ್ದಾನೆ, ನಿರ್ದೇಶಕ ಸತ್ತಿದ್ದಾನೆ, ಕ್ಯಾಪ್ಟನ್ ಪಾತ್ರ ಮಾಡುತ್ತಿದ್ದ ನಟ ಬದುಕಿದ್ದಾಗಲೂ ಸತ್ತವನ ಹಾಗೇ ಇದ್ದ. ಉಳಿದವಳು ನಾನು. ಸ್ಟೂಡಿಯೋದ ಟೇಪ್ ಕೊಠಡಿಯಲ್ಲಿ ಬ್ಲೇಡು ಹಿಡಿದು, ಸಂಗೀತವನ್ನು ಕತ್ತರಿಸಿ ದೃಶ್ಯಕ್ಕೆ ಅಂಟಿಸುತ್ತಿದ್ದವಳು. ಅಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವ ಪದ್ಧತಿ ಇರಲಿಲ್ಲ. ವಾದ್ಯವೇ ಹೆಸರು. ಹಾರ್ಪು ಬಂತಾ, ಎರಡನೇ ಪಿಟೀಲು ಊಟಕ್ಕೆ ಹೋಯಿತಾ, ಟ್ರಂಪೆಟ್ಟಿಗೆ ಜ್ವರವಂತೆ, ಹೀಗೆ. ನನ್ನ ಹೆಸರು ಕತ್ತರಿ. ಬಳಗದವರು ಅದಕ್ಕೊಂದು ಅಕ್ಕ ಸೇರಿಸಿದ್ದಾರೆ.

ಆ ಸಂಗೀತ ನಿಜಕ್ಕೂ ದೊಡ್ಡದು. ಇದನ್ನು ನಾನು ಕೊಂಕಿಲ್ಲದೆ ಹೇಳುತ್ತೇನೆ, ನನ್ನ ಬಾಯಿಂದ ಅಂಥ ಮಾತು ಬರುವುದು ಕಡಿಮೆ. ಆಕಾಶನೌಕೆ ಅಂದರೆ ಒಂದು ಹಳೇ ಥರ್ಮಾಸ್ ಫ್ಲಾಸ್ಕು, ಅದಕ್ಕೆ ಬೆಳ್ಳಿ ಬಣ್ಣ, ಮೇಲಿಂದ ಎರಡು ದಾರ. ಗ್ರಹಗಳೆಲ್ಲ ಪ್ಲಾಸ್ಟರಿನ ಉಂಡೆಗಳು. ರಾಕ್ಷಸನ ಬೆನ್ನಿನ ಜಿಪ್ಪು ಎರಡು ಸಂಚಿಕೆಗಳಲ್ಲಿ ಕಾಣಿಸಿದೆ. ಆದರೆ ಕೆಳಗಿನಿಂದ ನಾಲ್ಕು ಡಬಲ್ ಬೇಸು ಒಂದೇ ಸ್ವರ ಹಿಡಿದು, ಅದರ ಮೇಲೆ ಪಿಟೀಲುಗಳು ಸದ್ದಿಲ್ಲದೆ ಬಂದು ಕೂತವೆಂದರೆ, ಥರ್ಮಾಸ್ ಫ್ಲಾಸ್ಕಿಗೆ ತೂಕ ಬರುತ್ತಿತ್ತು. ಮನೆಮನೆಯಲ್ಲಿ ಜನ ತುತ್ತು ಬಾಯಿಗಿಡುವುದನ್ನು ಮರೆತು ನೋಡುತ್ತಿದ್ದರು. ಅವರು ಹೆದರುತ್ತಿದ್ದದ್ದು ಬೇಸ್ ಕ್ಲಾರಿನೆಟ್ಟಿಗೆ. ರಾಕ್ಷಸನಿಗೆ ಹೆದರಿದೆವು ಅಂದುಕೊಳ್ಳುತ್ತಿದ್ದರು, ಪಾಪ.

ಇಪ್ಪತ್ತೆರಡು ವಾದ್ಯಗಾರರು ಮೊದಲ ವರ್ಷ ನಲವತ್ತೊಂದು ತುಣುಕು ನುಡಿಸಿದರು. ಆಮೇಲಿನ ಮೂರು ವರ್ಷವೂ ಅದೇ ನಲವತ್ತೊಂದನ್ನು ನಾನು ಕೊಯ್ದು, ತಿರುಗಿಸಿ, ಬಾಲಕ್ಕೆ ತಲೆ ಹಚ್ಚಿ ಎಪ್ಪತ್ತು ಸಂಚಿಕೆ ದಾಟಿಸಿದೆ. ಯುದ್ಧದ ತುಣುಕಿನ ಕೊನೆಯ ಹನ್ನೆರಡು ಸೆಕೆಂಡು ಒಂದು ಕಡೆ ಮದುವೆಗೂ ಬಳಕೆಯಾಗಿದೆ. ಅದನ್ನು ಬಳಗದವರು ಕಂಡುಹಿಡಿದು ಒಂದು ಬೆಳಗ್ಗೆಯಿಡೀ ಚರ್ಚಿಸಿದರು.

ಆ ನಲವತ್ತೊಂದರಲ್ಲಿ ಹದಿನೇಳನೆಯದು ಅಂದರೆ ಅವರಿಗೆ ಪ್ರಾಣ. ಕ್ಯಾಪ್ಟನ್ನಿಗೆ ತನ್ನ ಗ್ರಹ ಸುಟ್ಟುಹೋದ ಸುದ್ದಿ ಬರುತ್ತದೆ. ನಟ ಕಿಟಕಿಯ ಕಡೆ ತಿರುಗಿ ನಿಲ್ಲುತ್ತಾನೆ. ಈರುಳ್ಳಿ ಹೆಚ್ಚಿ ಕಣ್ಣಿಗೆ ಹಿಂಡಿದರೂ ಅಳಲಾರದ ಮುಖ ಅದು. ಪಿಟೀಲುಗಳು ತೆಳ್ಳಗೆ ಒಂದು ಸ್ವರ ಹಿಡಿದಿರುತ್ತವೆ, ಒಂದೇ ಒಂದು ಟ್ರಂಪೆಟ್ಟು ಮೆಲ್ಲಗೆ ಮೇಲಕ್ಕೆ ಹತ್ತುತ್ತದೆ. ಒಂಬತ್ತು ಸೆಕೆಂಡು. ತುದಿಯ ಸ್ವರಕ್ಕೆ ಕಾಲಿಟ್ಟೊಡನೆ ಬಿರಿಯುತ್ತದೆ. ಗಂಟಲು ಕಟ್ಟಿದವರ ಮಾತು ಒಡೆದ ಹಾಗೆ ಒಡೆದು, ಕೆಳಕ್ಕೆ ಜಾರಿ, ಉಸಿರಾಗಿ ಮುಗಿಯುತ್ತದೆ. ಆಗ ನೋಡುವವರಿಗೆ ಆ ಮರದ ಮುಖದವನು ಅತ್ತ ಅನಿಸುತ್ತದೆ. ಅಂಚೆ ಇಲಾಖೆಯ ಒಬ್ಬ ನಿವೃತ್ತ ನೌಕರ ಇದ್ದಾನೆ, ತುಣುಕುಗಳ ಪಟ್ಟಿ ಮಾಡಿ ಮಾಡಿ ಪಟ್ಟಿ ಅಂತಲೇ ಹೆಸರಾದವನು. ಅವನು ಆ ಬಿರುಕಿನ ಬಗ್ಗೆಯೇ ಹದಿನಾಲ್ಕು ಪುಟ ಬರೆದಿದ್ದಾನೆ.

ಅದು ನನ್ನ ತಪ್ಪು. ಹದಿನಾಲ್ಕು ಪುಟದಲ್ಲಿ ಎಲ್ಲೂ ಇಲ್ಲದ ಸಂಗತಿ ಇದೊಂದೇ.

ಟೇಪಿನ ಸುರುಳಿಯನ್ನು ನಾವು ಬಾಲ ಹೊರಗಿರುವಂತೆ ಸುತ್ತಿಡುತ್ತಿದ್ದೆವು. ನುಡಿಸಿ ಮುಗಿದ ಮೇಲೆ ಹಿಂದಕ್ಕೆ ಸುತ್ತದೆ ಹಾಗೇ ಪೆಟ್ಟಿಗೆಗೆ ಹಾಕಿದರೆ ಧ್ವನಿ ಕೆಡುವುದಿಲ್ಲ ಅಂತ. ಹಾಗಾಗಿ ಕೈಗೆ ಮೊದಲು ಸಿಗುವುದು ಕೊನೆಯ ಟೇಕು, ಅಂದರೆ ಕೊನೆಯ ಸಲ ನುಡಿಸಿದ್ದು. ಟೇಕುಗಳ ನಡುವೆ ಬಿಳೀ ಪಟ್ಟಿ ಅಂಟಿಸಿರುತ್ತದೆ, ಪಟ್ಟಿಯ ಮೇಲೆ ಏನೂ ಬರೆದಿರುವುದಿಲ್ಲ. ಎಣಿಸಬೇಕು. ಎಣಿಸುವ ಮೊದಲು ಪೂರ್ತಿ ಹಿಂದಕ್ಕೆ ಸುತ್ತಿಕೊಳ್ಳಬೇಕು. ಇದು ಟೇಪ್ ಕೊಠಡಿಗೆ ಬಂದ ಮೊದಲ ದಿನವೇ ಹೇಳಿಕೊಡುವ ಪಾಠ.

ಹದಿನೇಳನೆಯದನ್ನು ಐದು ಸಲ ನುಡಿಸಿದ್ದರು. ಎರಡನೆಯದು ಸರಿಯಾಗಿದೆ ಅಂತ ವಾದ್ಯವೃಂದದ ಮುಖ್ಯಸ್ಥರು ಹೇಳಿದ್ದರು, ನಾನು ಪೆಟ್ಟಿಗೆಯೊಳಗಿಡುವ ಲೆಕ್ಕದ ಹಾಳೆಯಲ್ಲಿ ಬರೆದುಕೊಂಡಿದ್ದೆ. ಆದರೂ ಇರಲಿ ಇನ್ನೊಂದು, ಇನ್ನೊಂದು ಅಂತ ಐದಕ್ಕೆ ಎಳೆದರು. ಟ್ರಂಪೆಟ್ಟು ತುಟಿಯ ಕೆಲಸ. ಮೂರು ಗಂಟೆ ಊದಿದ ತುಟಿ ನಾಲ್ಕನೇ ಸಲಕ್ಕೆ ಕೈಕೊಟ್ಟಿತು. ಪ್ರಸಾರಕ್ಕೆ ಎರಡು ತಾಸು ಇತ್ತು. ನಾನು ಹಿಂದಕ್ಕೆ ಸುತ್ತದೆ, ಹೊರಗಿನಿಂದ ಎರಡು ಎಣಿಸಿ, ಕತ್ತರಿಸಿ ಅಂಟಿಸಿದೆ. ಹೊರಗಿನಿಂದ ಎರಡನೆಯದು ಅಂದರೆ ನಾಲ್ಕನೇ ಟೇಕು. ಶುರುವಿನ ಮೂರು ಸೆಕೆಂಡು ಕೇಳಿ ನೋಡಿದೆ, ಶುರು ಐದರಲ್ಲೂ ಒಂದೇ ಥರ ಇತ್ತು.

ಆ ಸಂಜೆ ಊರಿಗೆ ಊರೇ ಬಿರುಕು ಕೇಳಿತು. ಜನ ಕಣ್ಣೊರೆಸಿಕೊಂಡರು. ವಾದ್ಯಗಾರರು ಮಾತ್ರ ನಕ್ಕರು, ಯಾಕೆಂದರೆ ಟ್ರಂಪೆಟ್ಟಿನವನಿಗೆ ಸ್ವರ ಬಿರಿಯುವುದಕ್ಕಿಂತ ದೊಡ್ಡ ಅವಮಾನವಿಲ್ಲ. ಮರುದಿನ ಯಾರ ತಪ್ಪು ಅಂತ ವಿಚಾರಣೆ ಬರುತ್ತದೆಂದು ನನಗೆ ಗೊತ್ತಿತ್ತು. ನನ್ನದು ಇನ್ನೂ ಖಾಯಂ ಆಗದ ನೌಕರಿ, ಮನೆಯಲ್ಲಿ ಮಲಗಿದ್ದ ಅಮ್ಮ. ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆರೆದೆ. ಹಾಳೆ ಹರಿದು ಹೊಸದು ಬರೆದೆ: ಐದು ಟೇಕು, ಐದರಲ್ಲೂ ತುದಿಯಲ್ಲಿ ಬಿರುಕು, ಇದ್ದುದರಲ್ಲಿ ನಾಲ್ಕನೆಯದು ವಾಸಿ. ಎರಡನೇ ಟೇಕನ್ನು ಕತ್ತರಿಸಿ ಊಟದ ಡಬ್ಬಿಯಲ್ಲಿಟ್ಟು ಮನೆಗೆ ಒಯ್ದೆ. ಉಳಿದ ಮೂರನ್ನು ಅಳಿಸಿ ಬೇರೆ ಧ್ವನಿಮುದ್ರಣಕ್ಕೆ ಕೊಟ್ಟೆ.

ಸ್ಟೂಡಿಯೋದಲ್ಲಿ ಹಾಳೆಯಲ್ಲಿ ಬರೆದದ್ದೇ ನಡೆದದ್ದು. ಮುಖ್ಯಸ್ಥರು ಹಾಳೆ ನೋಡಿ, ಬರೆದಿದೆಯಲ್ಲ, ಹಾಗೇ ಇದ್ದಿರಬೇಕು ಅಂದರು. ದಿನಕ್ಕೆ ಎಂಟು ತುಣುಕು ನುಡಿಸುವವರಿಗೆ ಯಾವ ಟೇಕು ನೆನಪಿರುತ್ತದೆ? ಟ್ರಂಪೆಟ್ಟಿನ ಪಕ್ಕದಲ್ಲೇ ಕೂರುತ್ತಿದ್ದ ಎರಡನೇ ಟ್ರಂಪೆಟ್ಟಿಗೆ ಖಂಡಿತ ನೆನಪಿತ್ತು. ಅವನು ಸೀಲಿಂಗ್ ನೋಡಿದ. ಮುಂದಿನ ವಾರ ಅವನೇ ಮೊದಲ ಟ್ರಂಪೆಟ್ಟು.

ಟ್ರಂಪೆಟ್ಟು ನನ್ನ ಕೊಠಡಿಯ ಬಾಗಿಲಿಗೆ ಬಂದು, "ತಂಗೀ, ಎರಡನೇದು ಕ್ಲೀನಾಗಿತ್ತಲ್ವಾ? ನೀವು ಕೇಳಿದ್ರಲ್ಲ," ಅಂದರು. ನಾನು ಹಾಳೆ ತೋರಿಸಿದೆ. ಅವರು ಎರಡು ಸಲ ಓದಿ ವಾಪಸು ಕೊಟ್ಟರು. ಆಮೇಲೆ ಯಾವ ವಾದ್ಯವೃಂದವೂ ಅವರನ್ನು ಕರೆಯಲಿಲ್ಲ. ಬಾಟಲಿ ಕಾರ್ಖಾನೆಯಲ್ಲಿ ಸೈರನ್ ಒತ್ತುವ ಕೆಲಸ ಸಿಕ್ಕಿತಂತೆ. ಎಂಟಕ್ಕೆ, ಒಂದಕ್ಕೆ, ಎರಡಕ್ಕೆ, ಐದಕ್ಕೆ. ಇದನ್ನು ಯಾರೋ ಕ್ಯಾಂಟೀನಿನಲ್ಲಿ ಹೇಳಿದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ.

ಇಷ್ಟು ವರ್ಷ ಆದಮೇಲೆ ಈ ಹಲ್ಲಿನ ಡಾಕ್ಟರು ಆ ಮನುಷ್ಯನನ್ನು ಹುಡುಕಿ ತೆಗೆದರು. ಬಳಗದಿಂದ ಒಂದು ಗ್ರಾಮಾಫೋನ್ ತಟ್ಟೆ ತರುವುದಿತ್ತು, ನಲವತ್ತೊಂದು ತುಣುಕೂ ಇರುವಂಥದ್ದು. ಸ್ಟೂಡಿಯೋದ ಉಗ್ರಾಣ ಗುಜರಿಗೆ ಹೋಗುವ ಮುಂಚೆ ಪೆಟ್ಟಿಗೆಗಳನ್ನು ಇವರು ಹೊತ್ತು ತಂದಿದ್ದರು. ಡಾಕ್ಟರು ಫೋನಿನಲ್ಲಿ ಕುಣಿಯುತ್ತಿದ್ದರು. "ಕತ್ತರಿ ಅಕ್ಕ, ಬಿರುಕಿನೋರು ಸಿಕ್ಕಿದ್ರು. ಬದುಕಿದ್ದಾರೆ. ಭಾನುವಾರ ಬರ್ತಾರೆ, ಮಗಳೂ ಬರ್ತಾಳಂತೆ. ಸನ್ಮಾನ ಇಟ್ಕೊಂಡಿದ್ದೀವಿ."

ಭಾನುವಾರಕ್ಕೆ ಮೊದಲು ಗುರುವಾರ ಮಧ್ಯಾಹ್ನ ಟ್ರಂಪೆಟ್ಟು ನನ್ನ ಮನೆಗೇ ಬಂದರು. ಮೂರು ಮಹಡಿ ಹತ್ತಿ ಬಂದು ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತರು. ಎಪ್ಪತ್ತನಾಲ್ಕೋ ಎಪ್ಪತ್ತೈದೋ. ಇಸ್ತ್ರಿ ಮಾಡಿದ ಅಂಗಿ, ಮೇಲಿನ ಸಾಲಿನಲ್ಲಿ ಮುಂದಿನ ನಾಲ್ಕು ಹಲ್ಲಿಲ್ಲ. ಇನ್ನು ಈ ಬಾಯಿ ಟ್ರಂಪೆಟ್ಟಿಗೆ ಆಗುವುದಿಲ್ಲ ಅಂತ ನೋಡಿದೊಡನೆ ಗೊತ್ತಾಯಿತು. ನೀರು ಕೊಟ್ಟೆ.

"ತಂಗೀ, ನಿಮಗೆ ತೊಂದರೆ ಕೊಡೋಕೆ ಬಂದಿಲ್ಲ," ಅಂದರು. "ಒಂದೇ ಒಂದು ಮಾತು ಕೇಳ್ಕೊಳ್ಳೋಣ ಅಂತ. ಆವತ್ತು ಎರಡನೇ ಟೇಕು ನಾನು ಕ್ಲೀನಾಗಿ ಊದಿದ್ದೆ. ನೀವು ಹಾಳೇಲಿ ಏನು ಬರೆದ್ರೋ ಬಿಡಿ, ಅವಸರದಲ್ಲಿ ಹಾಗಾಗುತ್ತೆ. ಭಾನುವಾರ ಮಗಳೆದುರಿಗೆ ಹೌದು, ಎರಡನೇದು ಸರಿಯಾಗೇ ಇತ್ತು ಅಂತ ಒಂದು ಮಾತು ಹೇಳಿಬಿಡಿ ಸಾಕು."

"ಮಗಳಿಗೆ ಯಾಕೆ?"

ಅವರು ನಕ್ಕರು. ಹಲ್ಲಿಲ್ಲದ ಕಡೆ ನಾಲಿಗೆ ಕಾಣಿಸಿತು. "ನಮ್ಮನೇಲಿ ಅದೊಂದು ತಮಾಷೆ ಆಗಿದೆ. ನನ್ನ ಕೈಯಿಂದ ಲೋಟ ಬಿದ್ದು ಒಡೀತು ಅನ್ನಿ. 'ಎರಡನೇ ಸಲ ಬೀಳಿಸಿದ್ರೆ ಒಡೀತಿರಲಿಲ್ಲ ಅಲ್ವಾ ಅಪ್ಪ' ಅಂತಾಳೆ. ಬಸ್ಸು ತಪ್ಪಿದ್ರೂ ಅದೇ. ಅವಳಮ್ಮ ಇದ್ದಾಗ ಅವಳೂ ಅದೇ. ನಾನೂ ನಗ್ತೀನಿ. ಚಿಕ್ಕವಳಿದ್ದಾಗ ನಂಬ್ತಿದ್ಲು ತಂಗಿ. ಶಾಲೇಲಿ ಎಲ್ಲಾ ಸೇರಿ ಆಡಿಕೊಂಡಮೇಲೆ ನಂಬೋದು ಬಿಟ್ಲು. ನಾನು ಕೈಲಾಗದೆ ನೆಪ ಹೇಳೋನು ಅಂತ ಅವಳ ತಲೇಲಿ ಕೂತುಬಿಟ್ಟಿದೆ. ಸಾಯೋದ್ರೊಳಗೆ ಅದೊಂದು ಹೋಗ್ಲಿ ಅಂತ."

ನಾನು ನೋಡೋಣ ಅಂದೆ. ಅವರು ಕೈಮುಗಿದು ಒಂದೊಂದೇ ಮೆಟ್ಟಿಲು ಇಳಿದು ಹೋದರು.

ಬೀರುವಿನ ಕೆಳಗಿನ ಖಾನೆಯಲ್ಲಿ ಎರಡನೇ ಟೇಕಿನ ಅಂಗೈಯಗಲದ ಸುರುಳಿ ಇತ್ತು. ಅದನ್ನು ಸುಡಬೇಕಿತ್ತು, ಸುಡಲಿಲ್ಲ. ಅಷ್ಟು ಚೆನ್ನಾಗಿತ್ತು ಅದು. ನನಗೆ ಈಗ ಅರವತ್ತೇಳು. ಪಿಂಚಣಿ ಯಾರೂ ಕಿತ್ತುಕೊಳ್ಳುವುದಿಲ್ಲ, ಅಮ್ಮ ಹೋಗಿ ಮೂವತ್ತು ವರ್ಷ. ಇನ್ನು ಹೆದರಿಕೆ ಯಾರದು ಅಂತ ನನ್ನನ್ನೇ ಕೇಳಿಕೊಂಡೆ. ಹೇಳಿಬಿಡುವುದು ಅಂತ ನಿಜವಾಗಿ ನಿರ್ಧರಿಸಿದೆ. ಸ್ನಾನ ಮಾಡುವಾಗ ಗಟ್ಟಿಯಾಗಿ ಹೇಳಿ ಅಭ್ಯಾಸ ಕೂಡ ಮಾಡಿದೆ: ಎಣಿಸಿದ್ದು ತಪ್ಪಾಯಿತು, ಹಾಳೆ ಬದಲಾಯಿಸಿದೆ, ತಪ್ಪು ನನ್ನದು. ಮೂರು ವಾಕ್ಯ. ಶುಕ್ರವಾರ ಹೇಳಿದೆ, ಶನಿವಾರ ಹೇಳಿದೆ. ಬಕೆಟ್ಟಿನ ಮುಂದೆ ನಾನು ಬಹಳ ಒಳ್ಳೆಯವಳು.

ಭಾನುವಾರ ಕ್ಲಿನಿಕ್ಕಿನ ಕುರ್ಚಿಗಳನ್ನು ಅರ್ಧಚಂದ್ರಾಕಾರದಲ್ಲಿ ಹಾಕಿದ್ದರು. ಗೋಡೆಯ ಮೇಲೆ ಒಸಡಿನ ರೋಗದ ಚಿತ್ರಗಳು, ಅದರ ಕೆಳಗೆ ಡಾಕ್ಟರು ರಿಪೇರಿ ಮಾಡಿಸಿದ ಟೇಪ್ ಯಂತ್ರ. ಮುಂದಿನ ಸಾಲಿನಲ್ಲಿ ನನಗೊಂದು, ಟ್ರಂಪೆಟ್ಟಿಗೊಂದು ಕುರ್ಚಿ. ಅವರ ಮಗಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು, ನಲವತ್ತೈದರ ಆಸುಪಾಸು. ರಜದ ದಿನ ಹಾಳಾಯಿತಲ್ಲ ಅನ್ನುವ ಮುಖದಲ್ಲಿ ಕೂತಿದ್ದಳು.

ಡಾಕ್ಟರು ಎದ್ದು ನಿಂತು ಟ್ರಂಪೆಟ್ಟಿಗೆ ಶಾಲು ಹೊದಿಸಿದರು. "ಈ ಮಹನೀಯರು ಒಂದು ಸ್ವರ ಬಿರಿಸಿದ್ರು. ಆ ಬಿರುಕಿನಲ್ಲಿ ನಾವೆಲ್ಲ ಬಾಳಿದ್ದೀವಿ," ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮುದುಕರು ಶಾಲು ಸರಿಮಾಡಿಕೊಂಡು ನನ್ನ ಕಡೆ ನೋಡಿದರು. ನೋಟದಲ್ಲಿ ಬೇಡಿಕೆ ಇತ್ತು, ನಂಬಿಕೆಯೂ ಇತ್ತು. ನನಗೆ ಎರಡನೆಯದೇ ಸಹಿಸಲಾಗಲಿಲ್ಲ.

ಮೊದಲು ಪ್ರಸಾರವಾದ ಹದಿನೇಳನ್ನು ಹಾಕಿದರು. ಕಣ್ಣು ಮುಚ್ಚಿದವು. ಟ್ರಂಪೆಟ್ಟು ಹತ್ತಿತು, ಬಿರಿಯಿತು, ಜಾರಿತು. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಸೀಟಿದರು. ಬಿರಿಯುವ ಕ್ಷಣಕ್ಕೆ ಸರಿಯಾಗಿ ಮುದುಕರ ಭುಜ ಕುಗ್ಗಿದ್ದನ್ನು ನಾನು ನೋಡಿದೆ. ಮಗಳೂ ನೋಡಿದಳು.

ನಾನು ಚೀಲದಿಂದ ಸುರುಳಿ ತೆಗೆದೆ. "ಇದು ನನ್ನ ಹತ್ರ ಇತ್ತು, ಹಾಕಿ," ಅಂದೆ. ಮೊದಲು ಕೇಳಲಿ, ಆಮೇಲೆ ಮೂರು ವಾಕ್ಯ ಅಂದುಕೊಂಡಿದ್ದೆ.

ಅದೇ ಪಿಟೀಲುಗಳು. ಅದೇ ಟ್ರಂಪೆಟ್ಟು ಹತ್ತಿತು, ತುದಿಗೆ ಕಾಲಿಟ್ಟಿತು, ಅಲ್ಲೇ ನಿಂತಿತು. ಅಲುಗಲಿಲ್ಲ. ತಣ್ಣೀರಿನ ಹಾಗೆ ತಿಳಿಯಾಗಿ ನಿಂತು, ತಾನಾಗಿ ಮೆಲ್ಲಗೆ ಇಲ್ಲವಾಯಿತು. ನಲವತ್ತೆರಡು ವರ್ಷದಲ್ಲಿ ನಾನು ಅದನ್ನು ಕೇಳಿರಲಿಲ್ಲ. ಟ್ರಂಪೆಟ್ಟು ಮಗಳ ಮೊಣಕೈ ಹಿಡಿದುಕೊಂಡು, "ಕೇಳಿದ್ಯಾ? ಕೇಳಿದ್ಯೇನಮ್ಮಾ?" ಅಂದರು. ಅವಳ ಮುಖ ಸಡಿಲವಾಗಿ ಬಾಯಿ ಸ್ವಲ್ಪ ತೆರೆದುಕೊಂಡಿತ್ತು. ಆ ಅರ್ಧ ನಿಮಿಷ ಅವರಿಗೆ ಸಿಕ್ಕಿತು. ಅಷ್ಟನ್ನಾದರೂ ನಾನು ಕೊಟ್ಟೆ ಅಂತ ಒಂದೊಂದು ಸಲ ಲೆಕ್ಕ ಹಾಕುತ್ತೇನೆ, ಸಮಾಧಾನ ಆಗುವುದಿಲ್ಲ.

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ಚೆನ್ನಾಗಿದೆ," ಅಂದರು. ನಮ್ಮ ಹುಡುಗ ಪಾಸಾದ ಅನ್ನುವ ದನಿಯಲ್ಲಿ. "ತುಂಬಾ ಚೊಕ್ಕ. ಆದ್ರೆ ಏನೂ ಆಗಲ್ಲ ನೋಡಿ ಇದರಲ್ಲಿ."

"ಕ್ಯಾಪ್ಟನ್ ಅಳೋದೇ ಇಲ್ಲ," ಅಂದ ಹಿಂದಿನವನೊಬ್ಬ.

"ಗ್ರಹ ಸುಟ್ಟುಹೋಗಿದೆ, ಇವನು ಧ್ವಜ ಹಾರಿಸೋರ ಥರ ಊದ್ತಿದ್ದಾನೆ," ಅಂತ ಇನ್ನೊಬ್ಬ. ಎಲ್ಲರೂ ನಕ್ಕರು. ಕೆಟ್ಟವರಲ್ಲ ಅವರು. ಸಂಗೀತದ ಮೇಲಿನ ಪ್ರೀತಿಯಿಂದಲೇ ನಕ್ಕದ್ದು.

ಡಾಕ್ಟರು ನನ್ನ ಕಡೆ ತಿರುಗಿದರು. "ಅಂದ್ರೆ ಅಕ್ಕ, ನಿಮ್ಮ ಕೈಲಿ ಇಂಥ ಚೊಕ್ಕದ್ದೂ ಇತ್ತು, ಬಿರಿದದ್ದೂ ಇತ್ತು. ಬಿರಿದದ್ದನ್ನೇ ಹಾಕಬೇಕು ಅಂತ ಆರಿಸಿದ್ದು ಯಾರು?"

ಹನ್ನೊಂದು ಜೊತೆ ಕಣ್ಣು ನನ್ನ ಮೇಲೆ. ಮೂರು ವಾಕ್ಯ ನಾಲಿಗೆಯ ಮೇಲಿತ್ತು. ಇಡೀ ಜನ್ಮದಲ್ಲಿ ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ. ಕೊಯ್ಯುವವಳು, ಅಂಟಿಸುವವಳು, ಪರದೆಯ ಮೇಲೆ ಹೆಸರು ಕೂಡ ಬರದವಳು ನಾನು.

"ನಾನೇ," ಅಂದೆ. "ಕಿವಿಗೆ ಹಾಗನಿಸ್ತು."

ಚಪ್ಪಾಳೆ ಬಿತ್ತು. ಟ್ರಂಪೆಟ್ಟಿಗೆ ಬಿದ್ದದ್ದಕ್ಕಿಂತ ಜೋರಾಗಿಯೇ ಬಿತ್ತು. ಮುದುಕರು ಚಪ್ಪಾಳೆ ತಟ್ಟಲಿಲ್ಲ. ಬೇಕೆಂದೇ ಹಾಕಿದಿರಾ ಅನ್ನುವಂತೆ ನನ್ನನ್ನೇ ನೋಡುತ್ತಿದ್ದರು. ಆದರೂ ಅವರ ಕೈ ಮಗಳ ಮೊಣಕೈ ಮೇಲೇ ಇತ್ತು. ಆ ಕ್ಷಣಕ್ಕೆ ಅವರಿಗೆ ಅಷ್ಟು ಸಾಕಾಗಿತ್ತು.

ಆಗ ಅಂಚೆ ಇಲಾಖೆಯ ಪಟ್ಟಿ ಎದ್ದು ನಿಂತ. ಅವನ ಕಂಕುಳಲ್ಲಿ ಫೈಲು. "ಒಂದು ಸಣ್ಣ ವಿಷಯ," ಅಂದ. ಇವನ ಸಣ್ಣ ವಿಷಯಗಳು ನನಗೆ ಗೊತ್ತು. ಫೈಲಿನಿಂದ ಹಳದಿ ತಿರುಗಿದ ಹಾಳೆಯೊಂದನ್ನು ತೆಗೆದ. ಗುರುತು ಹಿಡಿಯಲು ನನಗೆ ಹತ್ತಿರ ಹೋಗಬೇಕಾಗಲಿಲ್ಲ, ಅದು ನನ್ನ ಅಕ್ಷರ. "ಹದಿನೇಳರ ಪೆಟ್ಟಿಗೇಲಿ ಸಿಕ್ಕಿದ್ದು. ಅಕ್ಕನೇ ಬರೆದಿದ್ದಾರೆ. ಐದು ಟೇಕು, ಐದರಲ್ಲೂ ಬಿರುಕು, ನಾಲ್ಕನೇದು ವಾಸಿ. ಹಾಗಿದ್ಮೇಲೆ ಈ ಚೊಕ್ಕದ್ದು ಎಲ್ಲಿಂದ ಬಂತು?"

ಎಲ್ಲರೂ ಹಾಳೆಯ ಕಡೆ ಬಗ್ಗಿದರು. ಪಟ್ಟಿಗೆ ಅದೇ ಬೇಕಿತ್ತು. "ಇನ್ನೊಂದು ಗಮನಿಸಿ. ಪ್ರಸಾರ ಆಗಿದ್ದರಲ್ಲಿ ತುದಿಗೆ ಮುಂಚೆ ಉಸಿರು ಎಳೆಯೋ ಸದ್ದು ಇದೆ. ಇದರಲ್ಲಿ ಇಲ್ಲ. ಊದೋ ರೀತಿನೇ ಬೇರೆ. ನನ್ನ ಪ್ರಕಾರ ಇದು ಬೇರೆ ದಿನದ್ದು, ಬೇರೆ ಮನುಷ್ಯನದು."

ದಣಿದ ಎದೆಗೆ ಉಸಿರು ಬೇಕಾಗುತ್ತದೆ, ದಣಿಯದ ಎದೆಗೆ ಬೇಕಾಗುವುದಿಲ್ಲ. ಅಷ್ಟೇ ವಿಷಯ. ಆದರೆ ಅವನ ಕಿವಿ ಸೂಕ್ಷ್ಮ, ಹಾಳೆ ನನ್ನದು. ಎರಡೂ ಸೇರಿ ಎಷ್ಟು ಅಚ್ಚುಕಟ್ಟಾಗಿ ಕೂತುಬಿಟ್ಟವು.

ಮಗಳು ಅಪ್ಪನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ನನ್ನನ್ನು ಕೇಳಿದಳು. "ಮೇಡಂ, ನೀವೇ ಹೇಳಿ. ಇದು ನಮ್ಮಪ್ಪನಾ?"

ಹೌದು ಅಂದರೆ ಹಾಳೆ ಸುಳ್ಳು. ಹಾಳೆ ಸುಳ್ಳಾದರೆ ಯಾಕೆ ಸುಳ್ಳು ಬರೆದೆ ಅನ್ನುವುದು ಬರುತ್ತದೆ. ಆಮೇಲೆ ಕಿವಿಗೆ ಹಾಗನಿಸ್ತು ಅಂದ ಮಾತು ಬರುತ್ತದೆ, ಈಗಷ್ಟೇ ಬಿದ್ದ ಚಪ್ಪಾಳೆ ಬರುತ್ತದೆ. ಇಷ್ಟನ್ನೂ ಯೋಚಿಸಲು ನನಗೆ ಉಗುಳು ನುಂಗುವಷ್ಟು ಹೊತ್ತು ಸಾಕಾಯಿತು. ಇಪ್ಪತ್ತೈದರ ವಯಸ್ಸಿನಲ್ಲಿ ಹೊಟ್ಟೆಪಾಡಿಗೆ ಸುಳ್ಳು ಬರೆದೆ, ಅದನ್ನು ಯಾರಾದರೂ ಕ್ಷಮಿಸಬಹುದು. ಅರವತ್ತೇಳಕ್ಕೆ ಹೇಳಿದ್ದು ಮುಂದಿನ ಸಾಲಿನ ಒಂದು ಪ್ಲಾಸ್ಟಿಕ್ ಕುರ್ಚಿಯ ಮರ್ಯಾದೆಗೆ.

"ಇಲ್ಲಮ್ಮ," ಅಂದೆ. "ಹಾಳೇಲಿ ಇರೋದೇ ಸರಿ. ಇದು ಇನ್ಯಾವತ್ತೋ ಅಭ್ಯಾಸಕ್ಕೆ ಅಂತ ಮಾಡಿದ್ದಿರಬೇಕು. ಆ ವರ್ಷ ಸುಮಾರು ಜನ ಬಂದು ಊದಿ ಹೋಗಿದ್ರು."

"ತಂಗೀ," ಅಂದರು ಮುದುಕರು. "ಇದು ನಾನೇ." ಕೂಗಲಿಲ್ಲ. ಅಂಗಡಿಯಲ್ಲಿ ತಮ್ಮ ಚೀಲ ಬೇರೆಯವರು ಎತ್ತಿಕೊಂಡಾಗ ಹೇಳುವ ಹಾಗೆ ಹೇಳಿದರು.

ಡಾಕ್ಟರು ಅವರ ಭುಜ ತಟ್ಟಿದರು. "ಸಾರ್, ನಲವತ್ತೆರಡು ವರ್ಷದ ಮಾತು. ನೆನಪು ಹೀಗೇ ಆಟ ಆಡಿಸುತ್ತೆ. ನನಗೆ ಹೋದ ವಾರದ ಪೇಷೆಂಟೇ ನೆನಪಿರಲ್ಲ."

"ಮನೇಲೂ ಹೀಗೇ," ಅಂದಳು ಮಗಳು. ಎದ್ದಿದ್ದ ಆಸೆ ಮಣ್ಣುಪಾಲಾದ್ದಕ್ಕೆ ದನಿಯಲ್ಲಿ ಸಿಟ್ಟಿತ್ತು, ಆ ಸಿಟ್ಟು ಯಾರ ಮೇಲೆ ಹೋಗಬೇಕಿತ್ತೋ ಅವರ ಮೇಲೆ ಹೋಗಲಿಲ್ಲ. "ಬೆಳಗ್ಗೆ ಮಾತ್ರೆ ನುಂಗಿರ್ತಾರೆ, ನುಂಗಿಲ್ಲ ಅಂತಾರೆ. ಇಲ್ಲೂ ಶುರುಮಾಡಬೇಡಿ ಅಪ್ಪ. ಹೊಗಳೋಕೆ ಕರೆದಿದ್ದಾರೆ, ಸುಮ್ನೆ ಹೊಗಳಿಸ್ಕೊಳ್ಳಿ."

ಅವರು ಸುಮ್ಮನೆ ಹೊಗಳಿಸಿಕೊಂಡರು. ಇನ್ನೂ ಒಂದು ಗಂಟೆ ಕೂತರು. ಬಿರುಕಿನ ಬಗ್ಗೆ ಪಟ್ಟಿ ಹದಿನಾಲ್ಕರಲ್ಲಿ ಆರು ಪುಟ ಓದಿದ. ಮುಗಿದ ಮೇಲೆ ಡಾಕ್ಟರು ಅವರ ಬಾಯಿ ತೆರೆಸಿ ಟಾರ್ಚು ಬಿಟ್ಟು ನೋಡಿ, ಮುಂದಿನ ನಾಲ್ಕು ಹಲ್ಲು ಪುಕ್ಕಟೆ ಕಟ್ಟಿಕೊಡುತ್ತೇನೆ, ತಟ್ಟೆ ಬಿಡುಗಡೆಯ ದಿನ ವೇದಿಕೆ ಮೇಲೆ ಒಂದೇ ಒಂದು ಸಲ ಆ ಬಿರುಕನ್ನು ಊದಿ ತೋರಿಸಬೇಕು ಅಂದರು. ಬಾಯಿ ತೆರೆದೇ ಇದ್ದದ್ದರಿಂದ ಮುದುಕರಿಗೆ ಉತ್ತರ ಕೊಡಲಾಗಲಿಲ್ಲ. ಎಲ್ಲರೂ ಅದನ್ನು ಒಪ್ಪಿಗೆ ಅಂದುಕೊಂಡರು.

ಬಿಡುಗಡೆಗೆ ಅವರು ಬರಲಿಲ್ಲ, ಮೈ ಹುಷಾರಿಲ್ಲ ಅಂತ ಮಗಳು ಫೋನು ಮಾಡಿದಳಂತೆ. ತಟ್ಟೆಯ ಹೊದಿಕೆಯ ಮೇಲೆ ಹದಿನೇಳನೆಯ ತುಣುಕಿನ ಮುಂದೆ ಅವರ ಹೆಸರು ದಪ್ಪಕ್ಷರದಲ್ಲಿ ಬಂದಿತ್ತು. ಅದರ ಕೆಳಗೆ, ಆಯ್ಕೆ: ಅಂತ ನನ್ನ ಹೆಸರು. ಮೊಟ್ಟಮೊದಲ ಸಲ ನನ್ನ ಹೆಸರು ಅಚ್ಚಾದದ್ದು. ಎರಡನೇ ಬದಿಯ ಕೊನೆಗೆ, ಹೋಲಿಕೆಗಾಗಿ ಅಂತ, ಚೊಕ್ಕ ಹದಿನೇಳನ್ನೂ ಸೇರಿಸಿದ್ದರು. ಅದರ ಮುಂದೆ, ವಾದಕ ಅಜ್ಞಾತ. ಬಿರಿದದ್ದರ ಮುಂದಿನ ತಮ್ಮ ಹೆಸರು ತೆಗೆಯಿರಿ ಅಂತ ಮುದುಕರು ಅಚ್ಚಿಗೆ ಮೊದಲು ಫೋನು ಮಾಡಿ ಕೇಳಿಕೊಂಡಿದ್ದರಂತೆ. "ಅದು ಹೇಗಾಗುತ್ತೆ ಸಾರ್, ಜನ ಮೆಚ್ಚಿದ್ದೇ ಅದನ್ನ," ಅಂತ ಡಾಕ್ಟರು ಸಮಾಧಾನ ಹೇಳಿದರಂತೆ.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಟ್ರಂಪೆಟ್ಟು ನಿಂತಿದ್ದರು, ಬಗಲಲ್ಲಿ ತಟ್ಟೆ. ಬಾಯಲ್ಲಿ ಹೊಸ ಹಲ್ಲು, ಬಿಳೀ, ಒಂದಕ್ಕೊಂದು ಸಮ. ಬಯ್ಯಲಿಕ್ಕೆ ಬಂದರು ಅಂದುಕೊಂಡೆ. ಬಯ್ದಿದ್ದರೆ ಕಾಲಿಗೆ ಬೀಳುತ್ತಿದ್ದೆ, ಸತ್ಯವಾಗಿ.

"ತಂಗೀ, ನಮ್ಮನೇಲಿ ಇದನ್ನ ಹಾಕೋ ಯಂತ್ರ ಇಲ್ಲ. ನಿಮ್ಮಲ್ಲಿದೆ ಅಂತ ಡಾಕ್ಟರು ಅಂದ್ರು. ಒಂದ್ಸಲ ಕೇಳಬಹುದಾ?"

ಒಳಗೆ ಕೂರಿಸಿದೆ. ತಟ್ಟೆ ತೆಗೆದು ಮೊದಲ ಬದಿ ಇಡಲು ಹೋದೆ. "ಅದು ಬೇಡ," ಅಂದರು. "ಆ ಕಡೆ ಕೊನೇದು."

ಮುಳ್ಳು ಇಟ್ಟೆ. ಪಿಟೀಲುಗಳು ಬಂದವು, ಟ್ರಂಪೆಟ್ಟು ಬಂತು. ಅವರು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ತಲೆ ಒಂದು ಕಡೆ ವಾಲಿಸಿ, ಭಾನುವಾರದ ಆ ಹನ್ನೊಂದು ಜನ ಕೇಳುವ ಹಾಗೇ ಕಣ್ಣು ಮುಚ್ಚಿ ಕೇಳಿದರು. ತುದಿಯ ಸ್ವರದಲ್ಲಿ ಭುಜ ಕುಗ್ಗಲಿಲ್ಲ.

"ಚೆನ್ನಾಗಿ ಊದಿದಾನೆ," ಅಂದರು. "ಯಾರೋ ಏನೋ. ತುಟಿ ಎಷ್ಟು ಹದವಾಗಿದೆ ನೋಡಿ. ಇಷ್ಟು ವರ್ಷ ಇದನ್ನ ನಾನು ನನ್ನದು ಅಂದ್ಕೊಂಡು ಮನೆಮಂದಿ ತಲೆ ತಿಂದೆ. ಪಕ್ಕದಲ್ಲಿ ಕೂತು ಕೇಳಿದ್ದಿರಬೇಕು, ಕೇಳಿ ಕೇಳಿ ನಂದೇ ಅನ್ನಿಸಿಬಿಟ್ಟಿದೆ. ಮಗಳ ಹತ್ರ ತಪ್ಪಾಯ್ತಮ್ಮ ಅಂತ ಹೇಳ್ದೆ. ನಿಮಗೂ ಆವತ್ತು ಎಲ್ಲರೆದುರಿಗೆ ಮುಜುಗರ ಮಾಡಿದೆ. ಮನಸ್ಸಲ್ಲಿ ಇಟ್ಕೋಬೇಡಿ."

ನನ್ನ ಬಾಯಿಗೆ ಎರಡು ಮಾತು ಬಂದವು. ಅದರಲ್ಲಿ ಒಂದನ್ನು ಹೇಳಿದೆ.

"ಪರವಾಗಿಲ್ಲ ಬಿಡಿ," ಅಂದೆ. "ವಯಸ್ಸಾದ ಮೇಲೆ ಹಾಗಾಗುತ್ತೆ."

ಅವರು ತಲೆಯಾಡಿಸಿ, ಇನ್ನೊಂದು ಸಲ ಹಾಕ್ತೀರಾ ಅಂತ ಕೇಳಿದರು. ಹಾಕಿದೆ.